ಅಪ್‌ಡೇಟ್: ಕತೆ ಕೇಳೋಕೆ ಜನ ಸಿಕ್ಕಿದರು!

ಸಾಗರದ ಕಡೆ ಕತೆ ಬರೆಯುವ ಗೆಳೆಯರು ಎಲ್ಲಿ ಸಿಗ್ತಾರೆ ಅಂತ ಕೇಳಿದ್ದೆ, ನೆನಪಿದೆಯಾ? ಹೆಗ್ಗೋಡಿನ ನೀನಾಸಂಗೆ ಹೋಗಿ ಅಂದಿರಿ. ಹೋದೆ. 1949ರಲ್ಲಿ ಶುರುವಾದ ಸಂಸ್ಥೆ, ನಾಟಕಕ್ಕೇ ಹೆಸರು. ನನಗೆ ಗೆಳೆತನ ಸಿಕ್ಕಿದ್ದು ಮಾತ್ರ ನಾಟಕ ಮುಗಿದ ಮೇಲೆ, ಚಹಾ ಕುಡಿಯುವಾಗ. ಪಕ್ಕದಲ್ಲಿದ್ದ ಮೇಷ್ಟ್ರು, ಅವರ ಜೊತೆಗಿದ್ದ ಅಡಿಕೆ ತೋಟದವರು, ಇಬ್ಬರೂ ಮನೆಯವರಿಗೂ ಹೇಳದೆ ಕತೆ ಬರೀತಾರಂತೆ!

ಈಗ ಆಗಾಗ ಮೇಷ್ಟ್ರ ಮನೆ ಜಗುಲಿಯಲ್ಲಿ ಸೇರುತ್ತೇವೆ. ಒಬ್ಬರು ಓದಬೇಕು, ಉಳಿದವರು ಕೇಳಬೇಕು. ಸುಮ್ನೆ ‘ಚೆನ್ನಾಗಿದೆ’ ಅನ್ನುವಂತಿಲ್ಲ, ಎಲ್ಲಿ ಬೇಜಾರಾಯ್ತು ಅಂತ ಹೇಳಲೇಬೇಕು. ಮೊದಮೊದಲು ಸಿಟ್ಟು ಬರ್ತಿತ್ತು, ಈಗ ಅದಕ್ಕೇ ಕಾಯುತ್ತೇನೆ. ಅಡಿಕೆ ಕೊಯ್ಲು ಶುರುವಾದರೆ ಕೂಟ ಬಂದ್, ತೋಟದವರು ಕೈಗೆ ಸಿಗೋಲ್ಲ.

ಶಿವಮೊಗ್ಗದ ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೂ ಹೋಗಿ ಅಂದಿದ್ದಿರಲ್ವಾ, ಅದು ಇನ್ನೂ ಬಾಕಿ.