ಮೂಗಿಗೆ ಸಿಕ್ಕಿಸುವ ಸುಗಂಧ ತೈಲದ ಕ್ಲಿಪ್ಪು: ಕಿವಿ-ಮೂಗು-ಗಂಟಲು ವೈದ್ಯೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶಿವಮೊಗ್ಗದ ಸದಸ್ಯೆ): ನಮಸ್ಕಾರ ಡಾಕ್ಟರೇ. ನನ್ನ ತಾಯಿಗೆ 68 ವರ್ಷ. ನಾಲ್ಕೈದು ವರ್ಷಗಳಿಂದ ಅವರಿಗೆ ಮೂಗು ಕಟ್ಟಿಕೊಳ್ಳುವ ತೊಂದರೆಯಿದ್ದು, ರಾತ್ರಿ ಮಲಗಿದ ಮೇಲೆ ಅದು ಹೆಚ್ಚಾಗುತ್ತದೆ. ವಿದೇಶದಲ್ಲಿರುವ ನನ್ನ ತಮ್ಮ ಕಳೆದ ತಿಂಗಳು ಒಂದು ಸಾಧನವನ್ನು ಕಳಿಸಿದ್ದಾನೆ. ಅದು ಸಿಲಿಕೋನಿನಿಂದ ಮಾಡಿದ, ಕುದುರೆ ಲಾಳದ ಆಕಾರದ ಪುಟ್ಟ ಕ್ಲಿಪ್ಪು. ಬುಲಾಕಿನ ಹಾಗೆ ಎರಡು ಹೊಳ್ಳೆಗಳ ನಡುವೆ ಸಿಕ್ಕಿಸಿಕೊಳ್ಳಬೇಕು. ಎರಡೂ ತುದಿಗಳಲ್ಲಿ ಹೆಸರುಕಾಳಿನಷ್ಟು ದೊಡ್ಡ ಬಟ್ಟೆಯ ಉಂಡೆಗಳಿವೆ. ಅವಕ್ಕೆ ಪುದೀನ ಮತ್ತು ನೀಲಗಿರಿ ಎಣ್ಣೆಯ ಮಿಶ್ರಣವನ್ನು ಒಂದೊಂದು ಹನಿ ಹಾಕಿ, ರಾತ್ರಿಯಿಡೀ ಧರಿಸಬಹುದೆಂದು ಪೆಟ್ಟಿಗೆಯ ಮೇಲೆ ಬರೆದಿದೆ. ಹಾಕಿಕೊಂಡ ಕೂಡಲೇ ಮೂಗು ಬಿಟ್ಟಿತು ಎಂದು ಅಮ್ಮ ಹೇಳುತ್ತಾರೆ. ಆದರೆ ಈಗ ಎರಡು ಹನಿ ಸಾಲುವುದಿಲ್ಲ, ಮೂರು ನಾಲ್ಕು ಹಾಕು ಎನ್ನುತ್ತಿದ್ದಾರೆ. ಇದನ್ನು ದಿನವೂ ಬಳಸುವುದು ಸರಿಯೇ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಭಾಗದಲ್ಲಿಯೇ ಮುಖ್ಯವಾದ ಸಂಗತಿಯಿದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಯಾವ ವಾಸನೆಯೇ ಆಗಲಿ, ಅದು ಮೂಗಿನ ಮುಂದೆ ಸತತವಾಗಿ ಇದ್ದರೆ ಕೆಲವೇ ನಿಮಿಷಗಳಲ್ಲಿ ಮಂಕಾಗುತ್ತದೆ. ಅಗರಬತ್ತಿ ಹಚ್ಚಿದ ದೇವರ ಕೋಣೆಯಲ್ಲಿ ಕುಳಿತವರಿಗೆ ಪರಿಮಳ ತಿಳಿಯುವುದಿಲ್ಲ, ಹೊರಗಿನಿಂದ ಒಳಬಂದವರಿಗೆ ತಿಳಿಯುತ್ತದೆ. ಎಣ್ಣೆಯು ಉಂಡೆಯಲ್ಲಿ ಇನ್ನೂ ಇರುವಾಗಲೇ ನಿಮ್ಮ ತಾಯಿಯವರಿಗೆ ಅದು ಮುಗಿದುಹೋದಂತೆ ಅನ್ನಿಸುತ್ತಿದೆ. ಹನಿಗಳು ಹೆಚ್ಚುತ್ತ ಹೋಗುವುದಕ್ಕೆ ಕಾರಣ ಇದೇ. ಇಡೀ ರಾತ್ರಿ ಧರಿಸುವ ಸಾಧನದ ಮೂಲ ದೋಷವೂ ಇದೇ.

ಇನ್ನು 'ಮೂಗು ಬಿಟ್ಟಿತು' ಎಂಬ ಅನುಭವದ ವಿಚಾರ. ಪುದೀನದಲ್ಲಿರುವ ಮೆಂಥಾಲ್, ಮೂಗಿನ ಒಳಪೊರೆಯ ನರತುದಿಗಳಲ್ಲಿ ತಂಪನ್ನು ಗುರುತಿಸುವ ಟಿಆರ್‌ಪಿಎಂ8 ಎಂಬ ಗ್ರಾಹಕವನ್ನು ಕೆಣಕುತ್ತದೆ. ಈ ಗ್ರಾಹಕವನ್ನು 2002ರಲ್ಲಿ ಗುರುತಿಸಿದವರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಇದ್ದರು. ಉಷ್ಣತೆ ಮತ್ತು ಸ್ಪರ್ಶದ ಗ್ರಾಹಕಗಳ ಕುರಿತ ಕೆಲಸಕ್ಕಾಗಿ ಅವರಿಬ್ಬರಿಗೂ 2021ರ ನೊಬೆಲ್ ಪ್ರಶಸ್ತಿ ದೊರೆಯಿತು. ನಾವು ಉಸಿರೆಳೆದಾಗ ಗಾಳಿ ಒಳಹೋಯಿತೆಂದು ಮೆದುಳು ತಿಳಿಯುವುದು ಬಹುಮಟ್ಟಿಗೆ ಈ ತಂಪಿನ ಮೂಲಕವೇ. ಆದ್ದರಿಂದ ತಂಪು ತಾಗಿದರೆ ಸಾಕು, ಗಾಳಿ ಚೆನ್ನಾಗಿ ಹೋಗುತ್ತಿದೆ ಎಂದು ಅನ್ನಿಸುತ್ತದೆ. 1983ರಲ್ಲಿ ಬ್ರಿಟನ್ನಿನ ಸಂಶೋಧಕರು ಕರ್ಪೂರ, ನೀಲಗಿರಿ ಮತ್ತು ಮೆಂಥಾಲ್ ಆವಿಯನ್ನು ಜನರಿಗೆ ಮೂಸಲು ಕೊಟ್ಟು, ಮೂಗಿನಲ್ಲಿ ಗಾಳಿಗೆ ಎದುರಾಗುವ ತಡೆಯನ್ನು ಉಪಕರಣದಿಂದ ಅಳೆದರು. ಹೆಚ್ಚಿನವರು ಮೂಗು ಬಿಟ್ಟಂತಾಯಿತು ಎಂದರು. ಉಪಕರಣದಲ್ಲಿ ತಡೆ ಇದ್ದಷ್ಟೇ ಇತ್ತು. ಹಾಗೆಂದು ಅಮ್ಮನ ಅನುಭವ ಸುಳ್ಳೆಂದು ನಾನು ಹೇಳುತ್ತಿಲ್ಲ. ಅವರಿಗೆ ಆಗುವ ಹಿತ ನಿಜ, ಆದರೆ ಕಟ್ಟಿದ ಮೂಗು ಕಟ್ಟಿಯೇ ಇರುತ್ತದೆ. ನಾಲ್ಕೈದು ವರ್ಷ ಈ ತೊಂದರೆ ಮುಂದುವರಿದಿದೆ ಎಂದರೆ ಅಲರ್ಜಿಯೋ, ನಡುಗೋಡೆಯ ಸೊಟ್ಟೋ, ಪಾಲಿಪ್ ಗಡ್ಡೆಯೋ ಎಂದು ಒಮ್ಮೆ ಒಳಗೆ ನೋಡಬೇಕು. ಹಿತವಾದ ತಂಪು ಆ ಪರೀಕ್ಷೆಯನ್ನು ಮುಂದೂಡುವ ನೆಪವಾಗಬಾರದು.

ರಾತ್ರಿ ಧರಿಸುವುದನ್ನು ಮಾತ್ರ ಇಂದಿನಿಂದಲೇ ನಿಲ್ಲಿಸಿ. ನಿದ್ದೆಯಲ್ಲಿ ಉಂಡೆ ಕಳಚಿದರೆ ಅದು ಹಿಂದಕ್ಕೆ ಜಾರುವ ಅಪಾಯವಿದೆ. ನಡುಗೋಡೆಯ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಮೇಲಿನ ತೆಳುಪೊರೆಯಿಂದಲೇ ಅದಕ್ಕೆ ಪೋಷಣೆ ದೊರೆಯಬೇಕು. ಎರಡೂ ಕಡೆಯಿಂದ ಗಂಟೆಗಟ್ಟಲೆ ಒತ್ತಡ ಬಿದ್ದರೆ ಆ ಪೊರೆ ಹುಣ್ಣಾಗಬಹುದು. ಅಯಸ್ಕಾಂತದಿಂದ ಅಂಟಿಕೊಳ್ಳುವ ಮಾದರಿಗಳನ್ನಂತೂ ಯಾರೂ ಕೊಳ್ಳಬೇಡಿ. ಮಕ್ಕಳು ಆಟಕ್ಕೆಂದು ಎರಡು ಹೊಳ್ಳೆಗಳಿಗೂ ಅಯಸ್ಕಾಂತದ ಗುಂಡು ಹಾಕಿಕೊಂಡು ನಡುಗೋಡೆಗೆ ತೂತಾದ ಪ್ರಕರಣಗಳು ನಮ್ಮ ವಿಭಾಗದವರಿಗೆ ಹೊಸತಲ್ಲ. ಅಮ್ಮನವರ ಹೊಳ್ಳೆಯ ಅಂಚು ಕೆಂಪಾಗಿದೆಯೇ, ಬೆಳಗ್ಗೆ ಸಿಂಬಳದಲ್ಲಿ ರಕ್ತದ ಗೆರೆ ಕಾಣಿಸುತ್ತದೆಯೇ, ದಯವಿಟ್ಟು ನೋಡಿ ತಿಳಿಸಿ.

ಪ್ರಶ್ನೆ (ಅದೇ ಸದಸ್ಯೆ): ಅಂಚು ಕೆಂಪಾಗಿ ಸಿಪ್ಪೆ ಎದ್ದಿದೆ ಡಾಕ್ಟರೇ. ರಕ್ತ ಕಂಡಿಲ್ಲ. ಎಣ್ಣೆ ಮುಗಿದಿದ್ದರಿಂದ, ಹಿಂದೆ ಊಟಿಗೆ ಹೋದಾಗ ತಂದಿದ್ದ ನೀಲಗಿರಿ ಎಣ್ಣೆಯ ಶೀಷೆಯಿಂದ ಹಾಕುತ್ತಿದ್ದೆವು.

ಉತ್ತರ: ಆ ಶೀಷೆಯನ್ನು ಬದಿಗಿಡಿ. ಮುಚ್ಚಳ ತೆರೆದು ವರ್ಷಗಟ್ಟಲೆ ಇಟ್ಟ ಸುಗಂಧ ತೈಲ ಗಾಳಿಯೊಡನೆ ಸೇರಿ ಬದಲಾಗುತ್ತದೆ. ಅದರಲ್ಲಿರುವ ಲಿಮೋನಿನ್, ಲಿನಲೂಲ್ ಮುಂತಾದ ಅಂಶಗಳು ಹೊಸದಾಗಿದ್ದಾಗ ಅಷ್ಟು ತೊಂದರೆ ಕೊಡುವುದಿಲ್ಲ, ಆದರೆ ಆಕ್ಸಿಡೀಕರಣಗೊಂಡ ಮೇಲೆ ಚರ್ಮಕ್ಕೆ ಅಲರ್ಜಿ ತರುವ ವಸ್ತುಗಳಾಗುತ್ತವೆ. ಅಮ್ಮನವರ ಸಿಪ್ಪೆಗೆ ಎಣ್ಣೆ ಕಾರಣವೋ ಕ್ಲಿಪ್ಪಿನ ಒತ್ತಡ ಕಾರಣವೋ ಎಂಬುದನ್ನು ಇಲ್ಲಿಂದ ಹೇಳಲಾರೆ. ಎರಡನ್ನೂ ಬಿಟ್ಟು, ಸದ್ಯಕ್ಕೆ ಉಪ್ಪುನೀರಿನ ಸ್ಪ್ರೇ ಮಾತ್ರ ಬಳಸಿ, ಹತ್ತಿರದ ಕಿವಿ-ಮೂಗು-ಗಂಟಲು ವೈದ್ಯರಿಗೆ ಈ ವಾರವೇ ತೋರಿಸಿ.

ಪ್ರಶ್ನೆ (ಧಾರವಾಡದ ಸದಸ್ಯರು): ಮೇಡಂ, ನಮ್ಮ ತಂದೆಯವರು ಆಯುರ್ವೇದ ವೈದ್ಯರ ಸಲಹೆಯಂತೆ ಅಣುತೈಲದ ನಸ್ಯ ಮಾಡುತ್ತಿದ್ದರು. ಎಣ್ಣೆಯನ್ನು ನೇರವಾಗಿ ಮೂಗಿಗೆ ಹಾಕುವ ಪದ್ಧತಿಯೇ ನಮ್ಮಲ್ಲಿರುವಾಗ, ಬಟ್ಟೆಯುಂಡೆಗೆ ಹಾಕಿ ಮೂಸಿದರೆ ಏನು ತೊಂದರೆ? ಅದೇ ಅಣುತೈಲವನ್ನು ಈ ಕ್ಲಿಪ್ಪಿನಲ್ಲಿ ಬಳಸಬಹುದಲ್ಲವೇ?

ಉತ್ತರ: ಇವೆರಡೂ ಬೇರೆ ಬೇರೆ ಪದಾರ್ಥಗಳು ಎಂಬುದನ್ನು ಮೊದಲು ಗಮನಿಸಬೇಕು. ಅಣುತೈಲದ ಆಧಾರ ಎಳ್ಳೆಣ್ಣೆ, ಅದು ಆವಿಯಾಗುವುದಿಲ್ಲ. ಬಟ್ಟೆಯುಂಡೆಗೆ ಹಾಕಿದರೆ ಅಲ್ಲಿಯೇ ಉಳಿದು ಜಿಡ್ಡುಗಟ್ಟುತ್ತದೆಯೇ ಹೊರತು ಉಸಿರಿನೊಂದಿಗೆ ಬರುವುದು ಬಹಳ ಕಡಿಮೆ. ಪುದೀನ, ನೀಲಗಿರಿ, ಲವಂಗದ ಎಣ್ಣೆಗಳು ಆವಿಯಾಗುತ್ತವೆ; ಆದರೆ ಇವುಗಳನ್ನು ದ್ರವರೂಪದಲ್ಲಿ ಮೂಗಿನೊಳಗೆ ಹನಿಸಿದರೆ ಪೊರೆ ಸುಟ್ಟಂತಾಗುತ್ತದೆ. ಹನಿಸುವ ಎಣ್ಣೆಯನ್ನು ಮೂಸುವುದರಿಂದ ಲಾಭವಿಲ್ಲ, ಮೂಸುವ ಎಣ್ಣೆಯನ್ನು ಹನಿಸುವುದು ಹಾನಿ.

ನಸ್ಯದ ವಿಧಿ, ಪ್ರಮಾಣ, ಯಾರಿಗೆ ಕೂಡದು ಎಂಬುದನ್ನು ಆಯುರ್ವೇದ ವೈದ್ಯರೇ ಹೇಳಬೇಕು, ಅದು ನನ್ನ ಕ್ಷೇತ್ರವಲ್ಲ. ನನ್ನ ಕ್ಷೇತ್ರದಿಂದ ಒಂದು ಮಾತು ಹೇಳಬಲ್ಲೆ. ಮೂಗಿನ ಒಳಪೊರೆಯ ಸೂಕ್ಷ್ಮ ರೋಮಗಳು ಲೋಳೆಯನ್ನು ನಿರಂತರವಾಗಿ ಗಂಟಲಿನತ್ತ ತಳ್ಳುತ್ತಿರುತ್ತವೆ. ನಾವು ಇದನ್ನು ಪರೀಕ್ಷಿಸಲು ಮೂಗಿನ ಮುಂಭಾಗದಲ್ಲಿ ಸ್ಯಾಕರಿನ್ನಿನ ಒಂದು ಸಣ್ಣ ಕಣವನ್ನಿಡುತ್ತೇವೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ 20 ನಿಮಿಷದೊಳಗೆ ಗಂಟಲಲ್ಲಿ ಸಿಹಿ ತಿಳಿಯುತ್ತದೆ. ಮೂಗಿನಲ್ಲಿ ಬಿದ್ದ ಎಣ್ಣೆಯೂ ಇದೇ ದಾರಿಯಲ್ಲಿ ಸಾಗುತ್ತದೆ. ಎಚ್ಚರವಿದ್ದವರು ನುಂಗುತ್ತಾರೆ. ಮಲಗಿದವರಲ್ಲಿ, ವೃದ್ಧರಲ್ಲಿ, ನುಂಗುವ ಶಕ್ತಿ ಕುಂದಿದವರಲ್ಲಿ ಅದು ಕೆಮ್ಮನ್ನೂ ಬರಿಸದೆ ಶ್ವಾಸಕೋಶಕ್ಕೆ ಇಳಿಯಬಹುದು. ಎಣ್ಣೆಯಿಂದ ಬರುವ ಈ ನ್ಯುಮೋನಿಯಾವನ್ನು 1925ರಷ್ಟು ಹಿಂದೆಯೇ, ಎಣ್ಣೆಯುಕ್ತ ಮೂಗಿನ ಔಷಧ ಬಳಸಿದವರಲ್ಲಿ ಗುರುತಿಸಲಾಗಿತ್ತು. ಆದ್ದರಿಂದ ತಂದೆಯವರು ಈಗಲೂ ನಸ್ಯ ಮಾಡುವುದಾದರೆ, ಮಲಗುವ ಹೊತ್ತಿನಲ್ಲಿ ಸ್ವಂತವಾಗಿ ಮಾಡಿಕೊಳ್ಳದಂತೆ ನೋಡಿಕೊಳ್ಳಿ. ಬಹುಕಾಲದ ಕೆಮ್ಮಿಗೆ ಎಕ್ಸ್‌ರೇ ತೆಗೆಸಿದಾಗ ಮೂಗಿಗೆ ಎಣ್ಣೆ ಹಾಕುವ ಅಭ್ಯಾಸವಿದೆ ಎಂಬುದನ್ನು ವೈದ್ಯರಿಗೆ ತಾವಾಗಿಯೇ ಹೇಳಿ. ನಾವು ಕೇಳಲು ಮರೆಯುತ್ತೇವೆ.

ಪ್ರಶ್ನೆ (ಮಂಗಳೂರಿನ ಸದಸ್ಯರು): ನಾನು ಗೊರಕೆಗಾಗಿ ರಾತ್ರಿ ಸಿಪ್ಯಾಪ್ ಯಂತ್ರ ಬಳಸುತ್ತೇನೆ. ಅದರ ನೀರಿನ ತೊಟ್ಟಿಗೆ ಒಂದು ಹನಿ ಲ್ಯಾವೆಂಡರ್ ಹಾಕಬಹುದೇ?

ಉತ್ತರ: ಬೇಡ. ಯಂತ್ರವು ಆ ಗಾಳಿಯನ್ನು ಒತ್ತಡದಿಂದ ರಾತ್ರಿಯಿಡೀ ಶ್ವಾಸಕೋಶಕ್ಕೆ ಕಳಿಸುತ್ತದೆ. ನೆಬ್ಯುಲೈಜರಿಗೂ ಇದೇ ಉತ್ತರ. ಪರಿಮಳ ಬೇಕೆಂದರೆ ಕೋಣೆಯ ಮೂಲೆಯಲ್ಲಿರಲಿ.

ಪ್ರಶ್ನೆ (ಹಾಸನದ ಸದಸ್ಯೆ): ಮೇಡಂ, ನನ್ನ ಮಗುವಿಗೆ ಎಂಟು ತಿಂಗಳು. ಶೀತವಾದಾಗ ನಮ್ಮ ಅತ್ತೆಯವರು ಕರ್ಪೂರ ಮತ್ತು ಓಂಕಾಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೊರಳಿಗೆ ಹಾಕುತ್ತಾರೆ. ಅದರ ಬದಲು ಅಂಗಿಗೆ ಅಂಟಿಸುವ ಪರಿಮಳದ ಪಟ್ಟಿ ಒಳ್ಳೆಯದೇ?

ಉತ್ತರ: ಎರಡೂ ಬೇಡಮ್ಮ. ಎಳೆಯ ಮಕ್ಕಳ ಮೂಗಿನ ಬಳಿ ಮೆಂಥಾಲ್ ಅಥವಾ ಕರ್ಪೂರದ ತೀವ್ರವಾದ ಆವಿ ಬಂದರೆ ಗಂಟಲು ಬಿಗಿದು ಉಸಿರು ಕ್ಷಣಕಾಲ ನಿಲ್ಲಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ ಇಂಥ ಯಾವುದನ್ನೂ ನಾನು ಒಪ್ಪುವುದಿಲ್ಲ. ಕೊರಳಿನ ದಾರವೇ ಒಂದು ಅಪಾಯ. ಮಗು ಆ ಗಂಟನ್ನು ಬಾಯಿಗೆ ಹಾಕಿಕೊಂಡು ಕರ್ಪೂರ ನುಂಗಿದರೆ ಅದು ಇನ್ನೂ ದೊಡ್ಡ ಅಪಾಯ, ಏಕೆಂದರೆ ಅಲ್ಪ ಪ್ರಮಾಣದ ಕರ್ಪೂರವೂ ಮಕ್ಕಳಿಗೆ ಫಿಟ್ಸ್ ತರಬಲ್ಲದು. ದೊಡ್ಡವರೂ ಇದಕ್ಕೆ ಹೊರತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ಮತ್ತು ಅವರ ಸಹೋದ್ಯೋಗಿಗಳು, ನೀಲಗಿರಿ ಹಾಗೂ ಕರ್ಪೂರವಿರುವ ಎಣ್ಣೆ-ಮುಲಾಮುಗಳ ಬಳಕೆಯ ನಂತರ ಫಿಟ್ಸ್ ಬಂದ ವಯಸ್ಕರ ಪ್ರಕರಣಗಳನ್ನು ದಾಖಲಿಸಿ ಪ್ರಕಟಿಸಿದ್ದಾರೆ. ಮನೆಯಲ್ಲಿ ಫಿಟ್ಸ್ ಇರುವವರಿದ್ದರೆ ಈ ಎರಡು ಎಣ್ಣೆಗಳಿಂದ ದೂರವಿರುವುದೇ ಲೇಸು.

ಅತ್ತೆಯವರಿಗೆ ಬೇಸರವಾಗದಂತೆ ಹೇಳುವುದು ನಿಮಗೆ ಬಿಟ್ಟದ್ದು. 2021ರ ಏಪ್ರಿಲ್‌ನಲ್ಲಿ ಆಮ್ಲಜನಕಕ್ಕಾಗಿ ಜನ ಪರದಾಡುತ್ತಿದ್ದಾಗ, ಕರ್ಪೂರ, ಲವಂಗ, ಓಂಕಾಳು, ನೀಲಗಿರಿ ಎಣ್ಣೆಯ ಗಂಟನ್ನು ಮೂಸಿದರೆ ಆಮ್ಲಜನಕದ ಮಟ್ಟ ಏರುತ್ತದೆ ಎಂಬ ಸಂದೇಶ ವಾಟ್ಸಾಪಿನಲ್ಲಿ ಮನೆಮನೆಗೂ ತಲುಪಿತ್ತು. ಆ ಗಂಟಿನಿಂದ ರಕ್ತದ ಆಮ್ಲಜನಕ ಏರುವುದಿಲ್ಲ. ಆದರೆ ತಂಪು ತಾಗಿದೊಡನೆ ಉಸಿರು ಸಲೀಸಾದಂತೆ ಅನ್ನಿಸುವುದರಿಂದ, ನಂಬಿದವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಮಗುವಿಗೆ ಹಾಲುಣಿಸುವ ಮುನ್ನ ಪ್ರತಿ ಹೊಳ್ಳೆಗೆ ಉಪ್ಪುನೀರಿನ ಒಂದೆರಡು ಹನಿ ಹಾಕಿ, ಸಿಂಬಳ ಸಡಿಲವಾದ ಮೇಲೆ ಮೆಲ್ಲನೆ ತೆಗೆಯಿರಿ.

ಪ್ರಶ್ನೆ (ಬೆಂಗಳೂರಿನ ಸದಸ್ಯರು): ಕೋವಿಡ್ ಬಂದುಹೋದ ಮೇಲೆ ನನಗೆ ವಾಸನೆ ಸರಿಯಾಗಿ ತಿಳಿಯುವುದಿಲ್ಲ. ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲ. ವಾಸನೆಯ ತರಬೇತಿಗೆ ಇಂಥ ಕ್ಲಿಪ್ಪು ಸಹಾಯಕವೇ?

ಉತ್ತರ: ತರಬೇತಿ ಖಂಡಿತ ಮಾಡಿ, ಕ್ಲಿಪ್ಪು ಬೇಕಿಲ್ಲ. ಜರ್ಮನಿಯ ಡ್ರೆಸ್ಡನ್ನಿನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ವಿವರಿಸಿದ ವಿಧಾನದಲ್ಲಿ ನಾಲ್ಕು ವಾಸನೆಗಳಿವೆ: ಗುಲಾಬಿ, ನೀಲಗಿರಿ, ನಿಂಬೆ, ಲವಂಗ. ಬೆಳಗ್ಗೆ ಮತ್ತು ಸಂಜೆ, ಒಂದೊಂದನ್ನೂ ಸುಮಾರು 10 ಸೆಕೆಂಡು ಮೂಸಬೇಕು. ಹೀಗೆ 12 ವಾರ. ಮಧ್ಯೆ ಬಿಡುವು ಕೊಡುವುದು, ಮೂಸುವಾಗ ಆ ವಸ್ತುವನ್ನು ಮನಸ್ಸಿನಲ್ಲಿ ನೆನೆಯುವುದು, ಇವೇ ಈ ತರಬೇತಿಯ ಜೀವಾಳ. ಒಂದೇ ವಾಸನೆಯನ್ನು ಮೂಗಿಗೆ ಕಟ್ಟಿಕೊಂಡು ದಿನವಿಡೀ ತಿರುಗಿದರೆ ಇದಕ್ಕೆ ತದ್ವಿರುದ್ಧವಾಗುತ್ತದೆ. ನಾಲ್ಕು ಸಣ್ಣ ಶೀಷೆಗಳಲ್ಲಿ ಹತ್ತಿಯಿಟ್ಟು, ಅದಕ್ಕೆ ಎಣ್ಣೆ ಹನಿಸಿ, ಹೆಸರು ಬರೆದಿಟ್ಟುಕೊಳ್ಳಿ. ಅಡುಗೆ ಮನೆಯಲ್ಲಿ ಗ್ಯಾಸ್ ಸೋರಿಕೆ ಸೂಚಿಸುವ ಅಲಾರಂ ಹಾಕಿಸುವುದನ್ನು ಮಾತ್ರ ಮರೆಯಬೇಡಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): ನಾನು ಎಂಜಿನಿಯರ್. ಇಂಥದೇ ಒಂದು ಸಾಧನವನ್ನು ಇಲ್ಲಿಯೇ ಕಡಿಮೆ ಬೆಲೆಗೆ ತಯಾರಿಸುವ ಯೋಚನೆಯಿದೆ. ವೈದ್ಯರ ದೃಷ್ಟಿಯಿಂದ ಏನು ಗಮನಿಸಬೇಕು?

ಉತ್ತರ: ಮೊದಲು ಒಂದು ಕಿತ್ತಳೆ ಹಣ್ಣನ್ನು ಸುಲಿದು, ಅದರ ಸಿಪ್ಪೆಯನ್ನು ಊದಿದ ಬಲೂನಿನ ಮೇಲೆ ಹಿಂಡಿ ನೋಡಿ. ಬಲೂನು ಟಪ್ಪೆಂದು ಒಡೆಯುತ್ತದೆ. ಥರ್ಮಾಕೋಲಿನ ಮೇಲೆ ಅದೇ ರಸ ಬಿದ್ದರೆ ಕುಳಿ ಬೀಳುತ್ತದೆ. ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೋನಿನ್ ಒಳ್ಳೆಯ ದ್ರಾವಕ. ಸಿಲಿಕೋನ್ ಕೂಡ ಇಂಥ ಎಣ್ಣೆಯಲ್ಲಿ ಉಬ್ಬುತ್ತದೆ. ಒಂದು ತಿಂಗಳು ಎಣ್ಣೆಯಲ್ಲಿ ನೆನೆದ ಕ್ಲಿಪ್ಪಿನಿಂದ ಏನು ಹೊರಬರುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ತೋರಿಸಿದ ಮೇಲೆ ಮುಂದಿನ ಮಾತು. ಎಣ್ಣೆಯ ಉಂಡೆ ಚರ್ಮಕ್ಕೆ ತಾಗದಂತೆ ಗೂಡಿನೊಳಗಿರಲಿ, ಕಳಚದಂತಿರಲಿ, ಹತ್ತು ನಿಮಿಷಕ್ಕೆ ಸಾಕಾಗುವಷ್ಟನ್ನೇ ಹಿಡಿಯಲಿ. ಮೂಗುಕಟ್ಟು ಗುಣವಾಗುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದರೆ ಅದು ಪರಿಮಳದ ಆಟಿಕೆಯಾಗಿ ಉಳಿಯದೆ, 2017ರ ವೈದ್ಯಕೀಯ ಸಾಧನಗಳ ನಿಯಮಗಳ ವ್ಯಾಪ್ತಿಗೆ ಬರುವ ಪ್ರಶ್ನೆ ಏಳುತ್ತದೆ. ಅದನ್ನು ತಿಳಿದವರಲ್ಲಿ ವಿಚಾರಿಸಿ. ನಿಜ ಹೇಳಬೇಕೆಂದರೆ, ಜೇಬಿನಲ್ಲಿಟ್ಟುಕೊಂಡು ಬೇಕಾದಾಗ ಮೂಸುವ ಇನ್‌ಹೇಲರ್ ಕಡ್ಡಿಗಿಂತ ಇದು ಯಾವ ವಿಷಯದಲ್ಲಿ ಮೇಲು ಎಂಬುದು ನನಗೆ ಇನ್ನೂ ಹೊಳೆದಿಲ್ಲ.

ಪ್ರಶ್ನೆ (ಶಿವಮೊಗ್ಗದ ಸದಸ್ಯೆ): ಡಾಕ್ಟರೇ, ಅಮ್ಮನನ್ನು ತೋರಿಸಿಕೊಂಡು ಬಂದೆವು. ಎಡಗಡೆ ಪಾಲಿಪ್ ಇದೆಯಂತೆ. ಸ್ಟೀರಾಯ್ಡ್ ಸ್ಪ್ರೇ ಕೊಟ್ಟು, ಸ್ಕ್ಯಾನ್ ಮಾಡಿಸಲು ಹೇಳಿದ್ದಾರೆ. ಆದರೆ ಅಮ್ಮನಿಗೆ ಆ ಪುದೀನದ ವಾಸನೆಯಿಲ್ಲದೆ ನಿದ್ದೆ ಬರುವುದಿಲ್ಲವಂತೆ. ಏನು ಮಾಡಲಿ?

ಉತ್ತರ: ಒಂದೇ ಕಡೆ ಪಾಲಿಪ್ ಇದ್ದರೆ ಸ್ಕ್ಯಾನ್ ತಪ್ಪಿಸಬಾರದು, ಬೇಗ ಮಾಡಿಸಿ. ಸ್ಪ್ರೇಯ ತುದಿಯನ್ನು ನಡುಗೋಡೆಯ ಕಡೆಗೆ ತಿರುಗಿಸದೆ ಅದೇ ಬದಿಯ ಕಿವಿಯ ದಿಕ್ಕಿಗೆ ಹಿಡಿಯಬೇಕು. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿದರೆ ಅದು ತಾನಾಗಿಯೇ ಸರಿಯಾಗುತ್ತದೆ. ಫಲ ಕಾಣಲು ಕೆಲವು ವಾರಗಳೇ ಬೇಕು, ಆದ್ದರಿಂದ ನಾಲ್ಕು ದಿನಕ್ಕೆ ಬಿಡಬೇಡಿ. ಪುದೀನದ ವಿಚಾರಕ್ಕೆ: ಅಂಚಿನ ಸಿಪ್ಪೆ ಪೂರ್ತಿ ವಾಸಿಯಾದ ಮೇಲೆ, ಹೊಸ ಶೀಷೆಯಿಂದ ಒಂದೇ ಹನಿಯನ್ನು ಕರವಸ್ತ್ರಕ್ಕೆ ಹಾಕಿ, ಮಲಗುವ ಮುನ್ನ ಐದು ನಿಮಿಷ ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿದು ಮೂಸಲಿ. ಆಮೇಲೆ ಕರವಸ್ತ್ರವನ್ನು ಮಂಚದಿಂದ ಆಚೆ ಇಡಿ. ಅಮ್ಮನವರಿಗೆ ಆಸ್ತಮಾ ಇದ್ದರೆ ಇದೂ ಬೇಡ. ಹಾಗಿದ್ದಲ್ಲಿ ಮೊದಲು ತಿಳಿಸಿ.