ಅಪ್‌ಡೇಟ್: ಕೊನೆಗೂ ಚಿಕ್ಕ ಮೋಟರ್‌ಹೋಮನ್ನೇ ತಗೊಂಡೆವು

ಸ್ವದೇಶ, ಹೊರದೇಶ ಎರಡೂ ಕಡೆ ಸುತ್ತಲು ಮೋಟರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವಂಥ ಗಾಡಿ) 6 ಮೀಟರ್ ಉದ್ದದ್ದು ಸಾಕಾ, 7 ಮೀಟರಿನದು ಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. 6 ಮೀಟರಿನದೇ ಬಂತು.

ಕೊನೆಗೆ ನಿರ್ಧಾರ ಮಾಡಿಸಿದ್ದು ಉದ್ದ ಅಲ್ಲ, ತೂಕ. ಯುರೋಪಿನ ಹಲವು ದೇಶಗಳಲ್ಲಿ ಸಾಮಾನ್ಯ ಕಾರ್ ಲೈಸೆನ್ಸಿಗೆ 3500 ಕಿಲೋ ಮಿತಿ ಇದೆ, ಅದೂ ಸಾಮಾನೆಲ್ಲ ಸೇರಿ. ದೊಡ್ಡ ಗಾಡಿ ಖಾಲಿ ಇದ್ದಾಗಲೇ ಅದರ ಹತ್ತಿರ ಇತ್ತು. 100 ಲೀಟರ್ ನೀರು ತುಂಬಿದರೆ 100 ಕಿಲೋ ಅಲ್ವಾ? ಅದರ ಜೊತೆಗೆ ಎರಡು ಸೈಕಲ್, ಗ್ಯಾಸ್ ಸಿಲಿಂಡರ್, ಪಾತ್ರೆಪಗಡೆ. 'ವೇಬ್ರಿಡ್ಜ್ ಚೀಟಿ (ಗಾಡಿಯನ್ನೇ ತೂಗಿ ಕೊಡುವ ತೂಕದ ಚೀಟಿ) ಕೇಳಿ' ಅಂದವರಿಗೆ ದೊಡ್ಡ ಥ್ಯಾಂಕ್ಸ್.

ಹಾಸಿಗೆ ಮಾತ್ರ ಅಡ್ಡಡ್ಡ ಇದೆ. ರಾತ್ರಿ ಎದ್ದರೆ ಪಕ್ಕದವರನ್ನು ದಾಟಿಯೇ ಇಳಿಯಬೇಕು. ಕೊಳ್ಳುವ ಮುಂಚೆ ಮಲಗಿ ನೋಡಿದ್ದೆವು, ಇಳಿದು ನೋಡಿರಲಿಲ್ಲ!