ಸಹಾಯ ಬೇಕು: 641 ಅಷ್ಟು ಬೇಗ ಸಿಕ್ಕಿದ್ದು ಹೇಗೆ?

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ 4294967297 ತಲೆಯಲ್ಲೇ ಕೂತಿದೆ. 2ರ 32ನೇ ಘಾತಕ್ಕೆ 1 ಕೂಡಿಸಿದರೆ ಬರುವ ಸಂಖ್ಯೆ ಇದು. ಇದು ಅವಿಭಾಜ್ಯ ಅಂತ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಇದನ್ನು 641 × 6700417 ಎಂದು ಒಡೆದು ತೋರಿಸಿದರು. ನಾನೂ ಗುಣಿಸಿ ನೋಡಿದೆ, ಸರಿಯಾಗಿದೆ.

ಆಯ್ಲರ್ ಸುಮ್ನೆ ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಹೋಗಬೇಕಿರಲಿಲ್ಲ. ಇದನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಹಾಗಾಗಿ ನೋಡಬೇಕಾದ್ದು 193, 257, 449, 577, ಆಮೇಲೆ 641. ಐದನೆಯದಕ್ಕೇ ಸಿಕ್ಕಿಬಿಡುತ್ತದೆ! ಎಷ್ಟು ಚೆಂದ ಅಲ್ವಾ?

ನಾನು ನಿಂತಿರುವುದು ಇಲ್ಲಿ. ಅಂಥ ಒಂದು ಅವಿಭಾಜ್ಯದಿಂದ ಭಾಗಿಸಿದಾಗ 2ರ 32ನೇ ಘಾತದ ಶೇಷ −1 (ಅಂದರೆ ಭಾಜಕಕ್ಕಿಂತ 1 ಕಡಿಮೆ). ಅದರ ವರ್ಗ, ಅಂದರೆ 64ನೇ ಘಾತದ ಶೇಷ 1. ಇಷ್ಟು ಅರ್ಥವಾಯಿತು. ಆದರೆ ಶೇಷ 1 ಕೊಡುವ ಅತಿ ಚಿಕ್ಕ ಘಾತ 64 ಅಂತಲೇ ಹೇಗೆ ಹೇಳುವುದು? ಅದಕ್ಕಿಂತ ಚಿಕ್ಕದು ಯಾಕೆ ಆಗಬಾರದು? ಇದೊಂದು ಮೆಟ್ಟಿಲು ದಾಟಿದರೆ ಉಳಿದದ್ದು ನನಗೆ ಗೊತ್ತಾಗುತ್ತದೆ.

ಇನ್ನೊಂದು ಪ್ರಶ್ನೆ. 6700417ರ ವರ್ಗಮೂಲ 2588ಕ್ಕಿಂತ ಸ್ವಲ್ಪ ಜಾಸ್ತಿ. ಅದು ಅವಿಭಾಜ್ಯ ಎಂದು ಕೈಲೆಕ್ಕದಲ್ಲೇ ತೋರಿಸಲು ಇದೇ ಉಪಾಯ ಸಾಕಾ?

ಕಂಪ್ಯೂಟರ್ ಕೊಟ್ಟ ಉತ್ತರ ಬೇಡ. ಕಾರಣ ತಿಳಿಸಿಕೊಡಿ, ದಯವಿಟ್ಟು.